ಉಳ್ಳಾಗಡ್ಡಿ ಹೊಲದಲ್ಲಿ ಜೋತುಬಿದ್ದ ಪಾದ: ಒಂದು ಪ್ರಕರಣ

ನಾನು ಹುಬ್ಬಳ್ಳಿಯಲ್ಲಿ ನರಗಳ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಚೀಟಿಯಲ್ಲಿ ಇದನ್ನು ಎನ್‌ಸಿವಿ ಎಂದು ಬರೆದಿರುತ್ತಾರೆ. ಬರುವವರು ಮಾತ್ರ ‘ಕರೆಂಟ್ ಟೆಸ್ಟ್’ ಅನ್ನುತ್ತಾರೆ. ಚರ್ಮದ ಮೇಲಿಂದ ನರಕ್ಕೆ ಸಣ್ಣ ಶಾಕ್ ಕೊಟ್ಟು, ಸುದ್ದಿ ಎಷ್ಟು ವೇಗದಲ್ಲಿ ಓಡುತ್ತದೆ ಎಂದು ಅಳೆಯುವುದಷ್ಟೇ ನನ್ನ ಕೆಲಸ. ರೋಗ ಯಾವುದು ಎಂದು ಹೇಳುವವರು ಡಾಕ್ಟರು. ಈ ಪ್ರಕರಣ ಬರೆಯಲು ಆ ಮನೆಯವರ ಒಪ್ಪಿಗೆ ಇದೆ. ಅವರ ಹೆಸರು, ಊರು ಬಿಟ್ಟಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಬಿಟ್ಟಿಲ್ಲ.

ಅಕ್ಟೋಬರ್ ತಿಂಗಳು. ಗದಗ ಕಡೆ ಉಳ್ಳಾಗಡ್ಡಿ ಸುಗ್ಗಿ. ಅಲ್ಲಿನ ಒಂದು ಹಳ್ಳಿಯಿಂದ 36 ವರ್ಷದ ಹೆಣ್ಣುಮಗಳೊಬ್ಬರು ತಮ್ಮನ ಜೊತೆ ಬಂದರು. ಬಾಗಿಲಲ್ಲೇ ಕಣ್ಣಿಗೆ ಬಿದ್ದದ್ದು ಅವರ ಎಡಗಾಲ ಚಪ್ಪಲಿ. ಚೀಲ ಹೊಲಿಯುವ ಸುತಳಿಯಿಂದ ಅದನ್ನು ಹಿಮ್ಮಡಿಗೆ ಬಿಗಿದು ಕಟ್ಟಿಕೊಂಡಿದ್ದರು. ಇಲ್ಲದಿದ್ದರೆ ನಡೆಯುವಾಗ ಕಳಚಿ ಬೀಳುತ್ತಿತ್ತಂತೆ. ಮೆಟ್ಟಿಲು ಹತ್ತುವವರ ಹಾಗೆ ಮೊಣಕಾಲು ಎತ್ತಿ ಎತ್ತಿ ಹೆಜ್ಜೆ ಇಡುತ್ತಿದ್ದರು. ಪಾದ ನೆಲಕ್ಕೆ ಪಟ್ ಅಂತ ಬಡಿಯುತ್ತಿತ್ತು.

“ಎರಡ ದಿನ ಉಳ್ಳಾಗಡ್ಡಿ ಹೊಲದಾಗ ಕುಂತಿದ್ದೆ ರೀ ಸರ. ಮೂರನೇ ದಿನ ಮುಂಜಾನೆ ಎದ್ದು ನೋಡಿದ್ರ ಪಾದ ಎತ್ತಾಕ ಬರವಲ್ದು.”

“ನೋವು ಐತೇನ್ರಿ ಅಕ್ಕಾರ?”

“ನೋವಿಲ್ಲ ನೋಡ್ರಿ. ಅದ ನನಗ ಅಂಜಿಕಿ.”

ಆ ಕೆಲಸ ನೋಡಿದವರಿಗೆ ಗೊತ್ತು. ಕಿತ್ತ ಉಳ್ಳಾಗಡ್ಡಿಯನ್ನು ಹೊಲದಲ್ಲೇ ಒಣಗಲು ಬಿಡುತ್ತಾರೆ. ಆಮೇಲೆ ಸಾಲಾಗಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಡ್ಡೆಯ ತಪ್ಪಲು ಕೊಯ್ದು ಎಸೆಯಬೇಕು. ಚೀಲದ ಲೆಕ್ಕದಲ್ಲಿ ಕೂಲಿ ಇದ್ದರೆ ಎದ್ದಷ್ಟೂ ನಷ್ಟ. ಹಾಗಾಗಿ ಯಾರೂ ಏಳುವುದಿಲ್ಲ.

ನಮ್ಮ ಕಡೆ ಪಾದ ಜೋತುಬಿದ್ದರೆ ಮೊದಲು ನೆನಪಾಗುವುದು ಮೂರು: ಬೆನ್ನಿನ ಡಿಸ್ಕ್, ಸಕ್ಕರೆ ಕಾಯಿಲೆ, ಕುಷ್ಠ. ಊರಿನ ಹತ್ತಿರದ ಡಾಕ್ಟರೊಬ್ಬರು ಡಿಸ್ಕ್ ಅಂದಿದ್ದರು. ಎಂಆರ್‌ಐ ಕೂಡ ಆಗಿತ್ತು. ಡಿಸ್ಕ್ ಒಂದು ಕಡೆ ಸ್ವಲ್ಪ ಉಬ್ಬಿತ್ತು. ಅಂಥ ಉಬ್ಬು ಏನೂ ತೊಂದರೆ ಇಲ್ಲದವರಲ್ಲೂ ಕಾಣುತ್ತದೆ, ಆದರೆ ಕಾಗದದ ಮೇಲೆ ಬಂತೆಂದರೆ ಮುಗೀತು, ಎಲ್ಲರಿಗೂ ಅದೇ ಕಾರಣ. ಆಪರೇಷನ್ ಮಾತೂ ಬಂದಿತ್ತಂತೆ. ಓಣಿಯಲ್ಲಿ ಇನ್ನೊಂದು ಗುಸುಗುಸು ಶುರುವಾಗಿತ್ತು. ಅದು ಕುಷ್ಠದ್ದು. ಆಕೆ ಅದನ್ನು ನನ್ನ ಮುಂದೆ ಹೇಳಲಿಲ್ಲ, ತಮ್ಮ ಹೇಳಿದ.

ಹುಬ್ಬಳ್ಳಿಯ ನರರೋಗ ತಜ್ಞರು ನೋಡಿದ್ದು ಬೇರೆ ಥರ. ಮೈಮೇಲೆ ಮಚ್ಚೆ ಇಲ್ಲ, ಸ್ಪರ್ಶ ಹೋದ ಜಾಗ ಇಲ್ಲ, ಮೊಣಕೈ ಮೊಣಕಾಲಲ್ಲಿ ನರ ದಪ್ಪಗಾಗಿಲ್ಲ. ಸಕ್ಕರೆ ಸರಿ ಇದೆ. ಆಮೇಲೆ ಪಾದವನ್ನು ಒಳಕ್ಕೆ ತಿರುಗಿಸಿ ಅಂದರು. ಗಟ್ಟಿಯಾಗಿ ತಿರುಗಿಸಿದರು. ಹೊರಕ್ಕೆ ತಿರುಗಿಸಲು ಆಗಲಿಲ್ಲ. ಇದು ಸಣ್ಣ ಪರೀಕ್ಷೆ, ಆದರೆ ಬಹಳ ಕೆಲಸದ್ದು. ಬೆನ್ನಿನಲ್ಲಿ ನರದ ಬೇರು ಒತ್ತಿದ್ದರೆ ಪಾದ ಒಳಕ್ಕೆ ತಿರುಗಿಸುವ ಶಕ್ತಿಯೂ ಕುಗ್ಗಬೇಕಿತ್ತು. ಕುಗ್ಗಿಲ್ಲ ಅಂದರೆ ತೊಂದರೆ ಬೆನ್ನಲ್ಲಿ ಅಲ್ಲ, ಕೆಳಗೆ ಮೊಣಕಾಲ ಹತ್ತಿರ. ಅದನ್ನು ಬರೆದು ನನ್ನ ಕಡೆ ಕಳಿಸಿದರು.

ಮೊಣಕಾಲಿನ ಹೊರಬದಿಗೆ, ಸ್ವಲ್ಪ ಕೆಳಗೆ, ಎಲುಬಿನ ಒಂದು ಗುಬುಟು ಕೈಗೆ ಸಿಗುತ್ತದೆ. ಮುಟ್ಟಿ ನೋಡಿಕೊಳ್ಳಿ. ಪಾದ ಎತ್ತುವ ಪೆರೋನಿಯಲ್ ನರ ಅದರ ಕೆಳಗೇ ಎಲುಬನ್ನು ಸುತ್ತಿ ಮುಂದಕ್ಕೆ ಹೋಗುತ್ತದೆ. ಮೇಲೆ ಮಾಂಸದ ಹೊದಿಕೆ ಇಲ್ಲ, ಬರೀ ಚರ್ಮ. ಕುಕ್ಕರಗಾಲಲ್ಲಿ ತಾಸುಗಟ್ಟಲೆ ಕೂತರೆ ನರ ಅಲ್ಲೇ ಹಿಚುಕಿಕೊಳ್ಳುತ್ತದೆ.

ಬೆಳಗಿನ ಬಸ್ಸಿಗೆ, ಜಿಟಿಜಿಟಿ ಮಳೆಯಲ್ಲಿ ಬಂದಿದ್ದರು. ಕಾಲು ತಣ್ಣಗಿತ್ತು. ಹಾಗೇ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಚರ್ಮ ಒಂದು ಡಿಗ್ರಿ ತಣ್ಣಗಾದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ಬೆಚ್ಚಗಿನ ನೀರಲ್ಲಿ ಕಾಲು ಇಡಿಸಿ, 32 ಡಿಗ್ರಿ ದಾಟಿದ ಮೇಲೆ ಶುರು ಮಾಡಿದೆ.

ಪಾದದ ಮೇಲಿನ ಒಂದು ಚಿಕ್ಕ ಸ್ನಾಯುವಿಗೆ ಎಲೆಕ್ಟ್ರೋಡ್ ಅಂಟಿಸಿ, ನರಕ್ಕೆ ಮೂರು ಕಡೆ ಶಾಕ್ ಕೊಡುವುದು ಪದ್ಧತಿ. ಗುಬುಟಿನ ಕೆಳಗಿಂದ ಕೊಟ್ಟಾಗ ಸ್ನಾಯು ಚೆನ್ನಾಗಿ ಕುಣಿಯಿತು, 4.8 ಮಿಲಿವೋಲ್ಟ್. ಪ್ರೋಬ್ ಹತ್ತೇ ಸೆಂಟಿಮೀಟರ್ ಮೇಲಕ್ಕೆ ಸರಿಸಿ ಕೊಟ್ಟೆ. 1.1ಕ್ಕೆ ಬಿತ್ತು. ಆ ಹತ್ತು ಸೆಂಟಿಮೀಟರ್ ದಾಟಲು ಸುದ್ದಿಗೆ 4 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕಾಗಿತ್ತು. ಅಂದರೆ ಸೆಕೆಂಡಿಗೆ 24 ಮೀಟರ್. ಕಾಲಿನ ನರದಲ್ಲಿ 40ಕ್ಕಿಂತ ಮೇಲಿರಬೇಕು.

ನರ ಸತ್ತಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು. ಸತ್ತಿದ್ದರೆ ಕೆಳಗಿಂದ ಕೊಟ್ಟರೂ ಸ್ನಾಯು ಕುಣಿಯುತ್ತಿರಲಿಲ್ಲ. ಒಳಗಿನ ತಂತಿ ನೆಟ್ಟಗಿದೆ, ಮೇಲಿನ ಸುತ್ತು ಕೆಟ್ಟಿದೆ. ಕುಂತು ಕುಂತು ನರ ಒತ್ತಿದೆ ಎಂದು ಬರೆದು ಮುಗಿಸಬಹುದಿತ್ತು. ಸುಗ್ಗಿಯಲ್ಲಿ ಅಂಥವರು ಬಂದೇ ಬರುತ್ತಾರೆ. ಎಲೆಕ್ಟ್ರೋಡ್ ಕಿತ್ತೂ ಆಗಿತ್ತು.

ಅಷ್ಟರಲ್ಲಿ ಆಕೆಯ ತಮ್ಮ, ಸೀರೆ ಅಂಗಡಿಯ ಒಂದು ಕ್ಯಾರಿಬ್ಯಾಗ್ ಬಿಚ್ಚಿದ. ನಮ್ಮ ಮಂದಿ ಎಲ್ಲ ರಿಪೋರ್ಟುಗಳನ್ನೂ ಹಾಗೇ ತಾನೇ ಇಡುವುದು. ಎಂಆರ್‌ಐ, ರಕ್ತದ ರಿಪೋರ್ಟ್, ಔಷಧಿ ಅಂಗಡಿ ಚೀಟಿ, ಅದರ ನಡುವೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಮೂರು ವರ್ಷದ ಹಿಂದಿನ ಎನ್‌ಸಿವಿ. ಕೆಳಗೆ ನನ್ನದೇ ಸಹಿ.

ಆಗ ಬಲಗೈ ಕಿರುಬೆರಳು ಜೋಮು ಹಿಡಿದಿದೆ ಎಂದು ಬಂದಿದ್ದರು. ನಾನು ಬಲಗೈಯ ಆ ಒಂದು ನರ ಮಾತ್ರ ಅಳೆದಿದ್ದೆ. ಮೊಣಕೈ ಹತ್ತಿರ ನಿಧಾನ, ಒತ್ತಡ ಇರಬಹುದು ಎಂದು ಬರೆದಿದ್ದೆ. ಅವತ್ತು ಮಂದಿ ಬಹಳ ಇದ್ದರು ಎಂದು ನೆಪ ಹೇಳಬಹುದು, ಆದರೆ ಎಡಗೈ ಅಳೆಯಲು ಇನ್ನು ಹತ್ತು ನಿಮಿಷ ಸಾಕಿತ್ತು. ಜೋಮು ಎರಡು ತಿಂಗಳಲ್ಲಿ ತಾನೇ ಹೋಗಿತ್ತು. ಎಲ್ಲರೂ ಮರೆತಿದ್ದರು, ನಾನೂ.

ಒಬ್ಬರಿಗೇ ಎರಡು ಸಲ, ಎರಡು ಬೇರೆ ಬೇರೆ ಕಡೆ, ನೋವಿಲ್ಲದೆ ನರ ಒತ್ತುವುದು ಯಾಕೋ ಸರಿ ಕಾಣಲಿಲ್ಲ. ಮತ್ತೆ ಎಲೆಕ್ಟ್ರೋಡ್ ಅಂಟಿಸಿದೆ. ಈ ಸಲ ಚೆನ್ನಾಗಿರುವ ಕಡೆಗೆಲ್ಲ.

“ಬ್ಯಾನಿ ಎಡಗಾಲಿಗೆ ಐತಿ. ನೀವು ಬಲಗೈಗೆ ಶಾಕ್ ಕೊಡಾಕತ್ತೀರಲ್ರೀ ಸರ!”

ಮುಕ್ಕಾಲು ತಾಸು ಹಿಡಿಯಿತು. ಎರಡೂ ಮಣಿಕಟ್ಟಿನಲ್ಲಿ, ಹೆಬ್ಬೆರಳ ಕಡೆಗೆ ಹೋಗುವ ಮೀಡಿಯನ್ ನರದ ಸುದ್ದಿ ತಡವಾಗಿ ಬಂತು, 5.4 ಮತ್ತು 5.6 ಮಿಲಿಸೆಕೆಂಡ್. 4.4ರೊಳಗೆ ಬರಬೇಕು. ಎರಡೂ ಮುಂಗೈಯಲ್ಲಿ ವೇಗ 54, ಸರಿಯಾಗಿದೆ. ಕಿರುಬೆರಳಿನ ನರ ಮೊಣಕೈ ದಾಟುವಾಗ ಎಡಕ್ಕೂ ಬಲಕ್ಕೂ 37ರ ಆಸುಪಾಸು. ಬಲ ಮೊಣಕಾಲಲ್ಲಿ 34, ಆ ಕಾಲಿಗೆ ಒಂದು ದಿನವೂ ತೊಂದರೆ ಆಗಿದ್ದಿಲ್ಲ. ಎಲ್ಲೆಲ್ಲಿ ನರ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೋ ಅಲ್ಲೆಲ್ಲ ನಿಧಾನ. ಬಯಲಲ್ಲಿ ಹೆಚ್ಚುಕಡಿಮೆ ಸರಿ. ಇದು ಉಳ್ಳಾಗಡ್ಡಿ ಹೊಲ ಮಾಡಿದ ಕೆಲಸ ಅಲ್ಲ. ಹೊಲ ಬರೀ ಬೆರಳು ಮಾಡಿ ತೋರಿಸಿತು.

ತಜ್ಞರು ಹಾಳೆ ನೋಡಿ ಮೊದಲು ಕೇಳಿದ್ದು ತಂದೆ ತಾಯಿ ಬಗ್ಗೆ. ಅಪ್ಪನಿಗೆ ಒಮ್ಮೆ ‘ಲಕ್ವಾ’ ಹೊಡೆದಿತ್ತಂತೆ. ಜಾತ್ರೆಗೆ ಹೋದಾಗ ಚಕ್ಕಡಿಯ ಅಡ್ಡಪಟ್ಟಿಗೆ ತೋಳು ಕೊಟ್ಟು ಮಲಗಿದವರಿಗೆ ಬೆಳಗ್ಗೆ ಮುಂಗೈ ಜೋತುಬಿದ್ದಿತ್ತು. ಮುಖ, ಮಾತು, ಕಾಲು ಎಲ್ಲ ಸರಿ. ಯಾರೋ ಕೊಟ್ಟ ಎಣ್ಣೆ ಹಚ್ಚಿದರು. ಎರಡು ತಿಂಗಳಿಗೆ ಕೈ ಎದ್ದಿತು. ಎಣ್ಣೆಗೆ ಹೆಸರು ಬಂತು. ಈ ಕಾಯಿಲೆಯ ಸ್ವಭಾವವೇ ಹಾಗೆ, ಬಹಳ ಸಲ ತಾನೇ ವಾಸಿಯಾಗುತ್ತದೆ, ಪಕ್ಕದಲ್ಲಿ ಯಾರಿರುತ್ತಾರೋ ಅವರಿಗೆ ಶ್ರೇಯಸ್ಸು.

“ನಿಮಗೇನೂ ಇಲ್ಲೇನು?” ಎಂದು ತಮ್ಮನನ್ನು ಕೇಳಿದರು. ಅವನು ನಕ್ಕ. ಗದಗದಿಂದ ಹುಬ್ಬಳ್ಳಿಗೆ ಬೈಕಲ್ಲಿ ಬಂದರೆ ಅಣ್ಣಿಗೇರಿ ದಾಟುವುದರೊಳಗೆ ಎರಡೂ ಅಂಗೈ ಮರಗಟ್ಟುತ್ತವೆ ಅಂದ. ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಂಡಿದ್ದನಂತೆ.

ಆಗ ಡಾಕ್ಟರು ಒಂದು ಹಳೆಯ ಸಂಗತಿ ಹೇಳಿದರು. 1947ರಲ್ಲಿ ನೆದರ್ಲೆಂಡ್ಸ್‌ನ ಡಿ ಯಾಂಗ್ ಎಂಬ ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ಮಂಡಿಯೂರಿ ಆಲೂಗಡ್ಡೆ ಅಗೆದ ಮೇಲೆ ಆ ಮನೆಯವರಿಗೆ ಪಾದ ಜೋತುಬೀಳುತ್ತಿತ್ತು, ತಲೆಮಾರಿನಿಂದ ತಲೆಮಾರಿಗೆ. ಅಲ್ಲಿ ಆಲೂಗಡ್ಡೆ, ಇಲ್ಲಿ ಉಳ್ಳಾಗಡ್ಡಿ. ಈ ಕಾಯಿಲೆಗೆ ಈಗ ಎಚ್‌ಎನ್‌ಪಿಪಿ ಎಂಬ ಹೆಸರಿದೆ. ಸಣ್ಣ ಒತ್ತಡಕ್ಕೂ ನರ ಸೋಲುವ ವಂಶದ ಗುಣ ಎಂದು ಅರ್ಥ ಮಾಡಿಕೊಳ್ಳಬಹುದು.

ಯಾಕೆ ಸೋಲುತ್ತದೆ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನಗೆ ಇಷ್ಟದ ಭಾಗ ಇದು.

ಬೆನ್ನುಹುರಿಯಿಂದ ಪಾದದ ತನಕ ನರದ ಒಂದು ಎಳೆ ಸುಮಾರು ಒಂದು ಮೀಟರ್ ಉದ್ದ. ಅದರ ಉದ್ದಕ್ಕೂ ಶ್ವಾನ್ ಕೋಶಗಳು ಸಾಲಾಗಿ ಕೂತಿರುತ್ತವೆ. (ನಾಯಿಗೂ ಇದಕ್ಕೂ ಸಂಬಂಧ ಇಲ್ಲ. ಥಿಯೋಡರ್ ಶ್ವಾನ್ ಎಂಬ ಜರ್ಮನ್ ವಿಜ್ಞಾನಿಯ ಹೆಸರು.) ದಪ್ಪ ಎಳೆಯಲ್ಲಿ ಒಂದೊಂದು ಕೋಶ ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು ಜಾಗ ನೋಡಿಕೊಳ್ಳುತ್ತದೆ. ಅಂದರೆ ಪಾದದ ಒಂದು ಎಳೆಗೆ ಸಾವಿರದಷ್ಟು ಕೋಶಗಳು ಬೇಕು. ಪ್ರತಿ ಕೋಶವೂ ತನ್ನ ಪೊರೆಯನ್ನೇ ಚಪ್ಪಟೆ ಮಾಡಿ ಎಳೆಯ ಸುತ್ತ ಸುತ್ತುತ್ತ ಹೋಗುತ್ತದೆ. ನವಲಗುಂದದ ಜಮಖಾನ ಸುತ್ತಿಡುವುದನ್ನು ನೆನಪಿಸಿಕೊಳ್ಳಿ. ಒತ್ತಿ ಒತ್ತಿ ನಡುವಿನ ಗಾಳಿ ಹೊರಹಾಕುತ್ತ ಸುತ್ತುತ್ತೇವೆ. ಕೋಶವೂ ತನ್ನೊಳಗಿನ ರಸವನ್ನು ಹಾಗೇ ಹಿಂಡಿ ಹೊರಹಾಕುತ್ತದೆ. ಉಳಿಯುವುದು ಪದರದ ಮೇಲೆ ಪದರ. ಅದೇ ಮಯಲಿನ್. ಒಂದು ಕೋಶದ ಸುತ್ತಿಗೂ ಮುಂದಿನ ಕೋಶದ ಸುತ್ತಿಗೂ ನಡುವೆ ಸಣ್ಣ ಸಂದು ಇರುತ್ತದೆ. ಸುದ್ದಿ ಸಂದಿನಿಂದ ಸಂದಿಗೆ ಜಿಗಿಯುತ್ತದೆ. ಹಾಗೆ ಜಿಗಿಯುವುದರಿಂದಲೇ ಸೆಕೆಂಡಿಗೆ 50 ಮೀಟರ್ ಓಡುತ್ತದೆ. ಮಯಲಿನ್ ಇಲ್ಲದ ತೆಳ್ಳಗಿನ ಎಳೆಯಲ್ಲಿ ಬರೀ ಒಂದು ಮೀಟರಿನಷ್ಟು.

ಪೊರೆ ಬಹುಪಾಲು ಕೊಬ್ಬು, ಮಯಲಿನ್‌ನ ಒಣತೂಕದಲ್ಲಿ ನೂರಕ್ಕೆ 70ರಿಂದ 80 ಪಾಲು ಅದೇ. ಬರೀ ಕೊಬ್ಬನ್ನು ಸುತ್ತಿದರೆ ನಿಲ್ಲುತ್ತದೆಯೇ? ಜಾರಿಹೋಗುತ್ತದೆ. ಹಿಡಿದಿಡುವವು ಪೊರೆಯಲ್ಲಿ ನಾಟಿಕೊಂಡ ಪ್ರೋಟೀನುಗಳು. ಅವುಗಳಲ್ಲಿ ದೊಡ್ಡಣ್ಣ ಪಿ-ಝೀರೊ. ಕೈಕಾಲಿನ ನರಗಳ ಮಯಲಿನ್ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೊಂದೇ. ಒಂದು ಪದರದ ಪಿ-ಝೀರೊ ಎದುರು ಪದರದ ಪಿ-ಝೀರೊವನ್ನು ಹಿಡಿದುಕೊಳ್ಳುತ್ತದೆ, ಕೌದಿಯ ಹೊಲಿಗೆ ಇದ್ದ ಹಾಗೆ. ಕನೆಕ್ಸಿನ್-32 ಎಂಬುದು ಪದರಗಳ ಅಡ್ಡಕ್ಕೆ ಸಣ್ಣ ಕಿಂಡಿ ಕೊರೆಯುತ್ತದೆ. ಇಲ್ಲದಿದ್ದರೆ ಹೊರಗಿನ ಸಾಮಾನು ಒಳಗೆ ತಲುಪಲು ಇಡೀ ಸುರುಳಿ ಸುತ್ತಿ ಬರಬೇಕು.

ಇನ್ನೊಂದು ಚಿಕ್ಕದು, ಪಿಎಂಪಿ22. ಬರೀ 160 ಅಮೈನೋ ಆಮ್ಲಗಳ ಸರ. ಪೊರೆಯ ಒಳಗೂ ಹೊರಗೂ ನಾಲ್ಕು ಸಲ ತೂರಿ ಕೂರುತ್ತದೆ. ಮಯಲಿನ್ ಪ್ರೋಟೀನಿನಲ್ಲಿ ಅದರ ಪಾಲು ನೂರಕ್ಕೆ 2ರಿಂದ 5, ಅಷ್ಟೇ. ಆದರೂ ಆಟವೆಲ್ಲ ಅದರದ್ದೇ. ಪದರಗಳ ಅಂಚು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳಲು ಅದು ಬೇಕು. ಇಲಿಗಳಲ್ಲಿ ಅದನ್ನು ಕಡಿಮೆ ಮಾಡಿ ನೋಡಿದ್ದಾರೆ. ಅಂಚಿನ ಕೂಡುಗಳು ಸಡಿಲಾದವು, ಸಂದಿನಿಂದ ಸಂದಿಗೆ ಜಿಗಿಯಬೇಕಾದ ಕರೆಂಟ್ ನಡುವೆಯೇ ಸೋರಿತು. ಅಂಥ ನರದ ಮೇಲೆ ಭಾರ ಬಿದ್ದರೆ ಸುದ್ದಿ ಮುಂದಿನ ಸಂದು ಮುಟ್ಟುವುದೇ ಇಲ್ಲ. 4.8 ಇದ್ದದ್ದು 1.1 ಆಗುವುದು ಹೀಗೆ. ಈ ಕಾಯಿಲೆಯಲ್ಲಿ ನರದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಲ್ಲಿ ಮಯಲಿನ್ ಅಡ್ಡಾದಿಡ್ಡಿ ಮಡಚಿಕೊಂಡು ಉಬ್ಬಿರುತ್ತದೆ. 1975ರಲ್ಲಿ ಅದಕ್ಕೆ ಲ್ಯಾಟಿನ್‌ನಲ್ಲಿ ಸಾಸೇಜ್ ಎಂಬ ಅರ್ಥದ ಹೆಸರಿಟ್ಟರು. ನಮ್ಮ ಕಡೆಯವರು ನೋಡಿದ್ದರೆ ಕಡುಬು ಅನ್ನುತ್ತಿದ್ದರೇನೋ.

ರಕ್ತ ಬೆಂಗಳೂರಿಗೆ ಹೋಯಿತು. ನಾಲ್ಕು ವಾರಕ್ಕೆ ಉತ್ತರ ಬಂತು. 17ನೇ ಕ್ರೋಮೋಸೋಮಿನಲ್ಲಿ ಒಂದು ತುಂಡು ಇಲ್ಲ. ಸುಮಾರು 15 ಲಕ್ಷ ಡಿಎನ್‌ಎ ಅಕ್ಷರಗಳ ತುಂಡು, ಪಿಎಂಪಿ22 ಜೀನ್ ಅದರೊಳಗೇ ಇರುತ್ತದೆ. ಎಲ್ಲರಿಗೂ ಆ ಜೀನ್ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಇವರಿಗೆ ಒಂದೇ. ಈ ಕಾಯಿಲೆಗೆ ಇದೇ ಕಾರಣ ಎಂದು ಗೊತ್ತಾದದ್ದು 1993ರಲ್ಲಿ.

ಅದಕ್ಕೆ ಎರಡು ವರ್ಷ ಮೊದಲು, 1991ರಲ್ಲಿ, ಇದರ ಉಲ್ಟಾ ಸಿಕ್ಕಿತ್ತು. ಅದೇ ತುಂಡು ಒಂದು ಜಾಸ್ತಿ ಇದ್ದು, ಜೀನ್ ಮೂರು ಪ್ರತಿ ಆದರೆ ಬರುವುದು ಶಾರ್ಕೋ-ಮಾರಿ-ಟೂತ್ 1ಎ ಎಂಬ ಇನ್ನೊಂದು ನರದ ಕಾಯಿಲೆ. ಅದರಲ್ಲಿ ನರ ಎಲ್ಲ ಕಡೆ ಒಂದೇ ಸಮ ನಿಧಾನ, ಪಾದದ ಕಮಾನು ಏರುತ್ತದೆ, ಕಾಲು ವರ್ಷದಿಂದ ವರ್ಷಕ್ಕೆ ಸಣಕಲಾಗುತ್ತದೆ. ಪಿಎಂಪಿ22 ಮಡಚಿಕೊಳ್ಳಲು ಬಹಳ ತಕರಾರಿನ ಪ್ರೋಟೀನ್. ಆರೋಗ್ಯವಂತರ ಕೋಶದಲ್ಲೂ ಹೊಸದಾಗಿ ತಯಾರಾದದ್ದರಲ್ಲಿ ಬಹುಪಾಲು ಪೊರೆ ಮುಟ್ಟುವ ಮೊದಲೇ ಕಸಕ್ಕೆ ಹೋಗುತ್ತದೆ. ಅದರ ಮೇಲೆ ಇನ್ನೊಂದು ಪ್ರತಿ ಸೇರಿದರೆ ಕೋಶಕ್ಕೆ ಕಸ ಎತ್ತುವುದೇ ಕೆಲಸ. ಉಪ್ಪಿನ ಹಾಗೆ, ಕಡಿಮೆಯಾದರೂ ಕೆಡುತ್ತದೆ, ಜಾಸ್ತಿಯಾದರೂ ಕೆಡುತ್ತದೆ.

ತುಂಡು ಹೋಗುವುದಾದರೂ ಹೇಗೆ? ಹೊಲದ ಪಾಲು ನೋಡಿದವರಿಗೆ ಸುಲಭ. ಹೊಲದ ಎರಡೂ ಅಂಚಿಗೆ ಒಂದೇ ಥರದ ಗಡಿಕಲ್ಲು ಇದೆ ಅಂದುಕೊಳ್ಳಿ. ಅಳೆಯುವವನು ಒಂದನ್ನು ಇನ್ನೊಂದು ಅಂದುಕೊಂಡರೆ ಒಬ್ಬನ ಪಾಲಿಗೆ ಎರಡು ಹೊಲ, ಇನ್ನೊಬ್ಬನಿಗೆ ಏನೂ ಇಲ್ಲ. ಆ 15 ಲಕ್ಷ ಅಕ್ಷರಗಳ ಎರಡೂ ಬದಿಗೆ ಹಾಗೇ ಒಂದೇ ರೀತಿಯ ಬರಹ ಇದೆ. ಅಂಡ, ವೀರ್ಯ ತಯಾರಾಗುವಾಗ ಕ್ರೋಮೋಸೋಮುಗಳು ತುಂಡು ಬದಲಿಸಿಕೊಳ್ಳುತ್ತವೆ. ಆಗ ಗಡಿ ತಪ್ಪುತ್ತದೆ. ಒಂದೇ ತಪ್ಪಿನಿಂದ ಒಂದು ಕಡೆ ಮೂರು ಪ್ರತಿಯ ದಾರಿ, ಇನ್ನೊಂದು ಕಡೆ ಒಂದೇ ಪ್ರತಿಯ ದಾರಿ.

“ಮೆದುಳಿಗೂ ಬರತೈತೇನ್ರಿ ಇದು?” ತಮ್ಮನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಮೆದುಳು, ಬೆನ್ನುಹುರಿಯಲ್ಲಿ ಸುತ್ತುವವರೇ ಬೇರೆ, ಆಲಿಗೋಡೆಂಡ್ರೋಸೈಟ್ ಎಂಬ ಕೋಶಗಳು. ಶ್ವಾನ್ ಕೋಶ ಒಂದು ಎಳೆಯ ಒಂದೇ ತುಂಡು ಸುತ್ತಿದರೆ, ಇದು ಕೈ ಚಾಚಿ ಹತ್ತಾರು ತುಂಡು ಸುತ್ತುತ್ತದೆ. ಅಲ್ಲಿ ಮುಖ್ಯ ಪೊರೆ ಪ್ರೋಟೀನ್ ಪಿಎಲ್‌ಪಿ. ಅದರ ಜೀನ್ ಒಂದು ಪ್ರತಿ ಜಾಸ್ತಿಯಾದರೆ ಗಂಡುಮಕ್ಕಳಲ್ಲಿ ಪೆಲಿಝೇಯಸ್-ಮರ್ಝ್‌ಬಾಕರ್ ಎಂಬ ಗಂಭೀರ ಕಾಯಿಲೆ ಬರುತ್ತದೆ. ಅಲ್ಲೂ ಅಳತೆಯದೇ ತಕರಾರು ನೋಡಿ. ಆದರೆ ಇವರ ಮನೆಯ ಕಾಯಿಲೆ ಅದಲ್ಲ. ಡಾಕ್ಟರು ಅಷ್ಟು ಉದ್ದ ಹೇಳಲಿಲ್ಲ, “ಇಲ್ಲ, ಕೈಕಾಲಿನ ನರಕ್ಕೆ ಮಾತ್ರ” ಅಂದರು. ಅವನಿಗೆ ಅಷ್ಟೇ ಬೇಕಿತ್ತು.

ಔಷಧಿ? ಹೋದ ತುಂಡು ತಂದುಕೊಡುವ ಗುಳಿಗೆ ಇಲ್ಲ. ಪಾದ ಎತ್ತಿ ಹಿಡಿಯಲು ಪ್ಲಾಸ್ಟಿಕ್ ಪಟ್ಟಿ ಕೊಟ್ಟರು, ಸುತಳಿ ಹೋಯಿತು. ಫಿಸಿಯೋಥೆರಪಿ ಆಯಿತು. ಉಳಿದದ್ದೆಲ್ಲ ಏನು ಮಾಡಬಾರದು ಅನ್ನುವ ಮಾತು. ಕುಕ್ಕರಗಾಲು ಬೇಡ, ಕಾಲ ಮೇಲೆ ಕಾಲು ಬೇಡ, ಕಟ್ಟೆಗೆ ಮೊಣಕೈ ಊರಿ ಹರಟೆ ಬೇಡ. ಯಾವ ಆಪರೇಷನ್ನಿಗೆ ಹೋದರೂ ಮೊದಲೇ ಈ ಕಾಯಿಲೆ ಹೆಸರು ಹೇಳಬೇಕು, ಟೇಬಲ್ ಮೇಲೆ ತಾಸುಗಟ್ಟಲೆ ಒಂದೇ ಭಂಗಿಯಲ್ಲಿ ಮಲಗಿಸಿದರೆ ನರ ಹಿಚುಕಬಹುದು. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಇಂಥವರ ನರಕ್ಕೆ ಅಪಾಯ ಎಂದೂ ಚೀಟಿಯಲ್ಲಿ ಬರೆದುಕೊಟ್ಟರು. ಬೆನ್ನಿನ ಆಪರೇಷನ್ ಮಾತು ಅಲ್ಲಿಗೇ ನಿಂತಿತು.

ಆಕೆ ಕೇಳಿದ್ದು ಮಗನ ಬಗ್ಗೆ. ಹನ್ನೊಂದು ವರ್ಷದ ಹುಡುಗ. ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಈಗ ಏನೂ ತೊಂದರೆ ಇಲ್ಲದ ಹುಡುಗನಿಗೆ ಜೀನ್ ಪರೀಕ್ಷೆ ಬೇಡ, ದೊಡ್ಡವನಾಗಿ ಅವನೇ ತೀರ್ಮಾನಿಸಲಿ ಅಂದರು. ಆಕೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, “ಹಂಗಾರ ನಮ್ಮದು ಕುಷ್ಠ ಅಲ್ಲಂತ ಒಂದು ಕಾಗದದಾಗ ಬರದ ಕೊಡ್ರಿ” ಅಂದರು. ಬರೆದುಕೊಟ್ಟರು. ಕುಷ್ಠವಾಗಿದ್ದರೂ ಔಷಧಿಯಿಂದ ವಾಸಿಯಾಗುತ್ತಿತ್ತು, ಆದರೆ ಓಣಿಗೆ ಅದನ್ನು ಹೇಳುವವರು ಯಾರು?

ಆರನೇ ವಾರಕ್ಕೆ ಹೆಬ್ಬೆರಳು ಮೇಲೆದ್ದಿತು. ಮೂರು ತಿಂಗಳಿಗೆ ಮತ್ತೆ ಅಳೆದೆ. ಗುಬುಟಿನ ಕೆಳಗಿಂದ 4.9, ಮೇಲಿಂದ 4.3. ತಡೆ ಹೋಗಿತ್ತು. ವೇಗ ಮಾತ್ರ 33ಕ್ಕೆ ನಿಂತಿತು, ಬಲಗಾಲಿನ ಹತ್ತಿರಕ್ಕೆ. ಅದು ಅವರ ಮಟ್ಟಿಗೆ ಸರಿ. ಅದೇ ದಿನ ತಮ್ಮನದೂ ಅಳೆದೆ, ಎರಡೂ ಕೈ, ಎರಡೂ ಕಾಲು. ಅಕ್ಕನ ಹಾಳೆಯ ಮೇಲೆ ಇಟ್ಟು ನೋಡಿದರೆ ಜೆರಾಕ್ಸ್ ಮಾಡಿದ ಹಾಗಿತ್ತು.

ಕೂಲಿಯ ಪ್ರಶ್ನೆ ಉಳಿದಿತ್ತು. ನನ್ನ ಕೋಣೆಯಲ್ಲೇ ಒಂದು ಗಿಡ್ಡ ಸ್ಟೂಲ್ ಮೇಲೆ ಕೂರಿಸಿ ನೋಡಿದೆವು. “ಇಷ್ಟ ಎತ್ತರಕ್ಕ ಕುಂತ್ರ ಗಡ್ಡಿಗೆ ಕೈ ಮುಟ್ಟಂಗಿಲ್ರಿ” ಅಂದರು. ಕೊನೆಗೆ ಅವರೇ ದಾರಿ ಹುಡುಕಿದರು. ಅರ್ಧ ಚೀಲ ತಪ್ಪಲು ತುಂಬಿ, ಅದರ ಮೇಲೆ ಕಾಲು ಚಾಚಿ ಕೂರುವುದು.

ಈ ಅಕ್ಟೋಬರಿನಲ್ಲಿ ಫೋನ್ ಮಾಡಿದ್ದರು. ಪಾದ ಚೆನ್ನಾಗಿದೆ. ಸಾಲಿನಲ್ಲಿ ಉಳಿದವರು “ಗೌಡಸಾನಿ ಗಾದಿ ಹಾಕ್ಕೊಂಡು ಕುಂತಾಳ” ಎಂದು ಆಡಿಕೊಳ್ಳುತ್ತಾರಂತೆ. ದಿನಕ್ಕೆ ಒಂದೂವರೆ ಚೀಲ ಕಡಿಮೆ ಆಗುತ್ತಿದೆಯಂತೆ. ಹಿಂದಿನ ವರ್ಷ ಪಾದಕ್ಕೆ ಕೊಟ್ಟ ಪ್ಲಾಸ್ಟಿಕ್ ಪಟ್ಟಿಯನ್ನು ಎಸೆಯಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳಲು ಮಾಡಿದ್ದು. ಇಟ್ಟುಕೊಳ್ಳಿ ಅಂದೆ.